ಮೊದಲ ಆಲ್ಬಮ್ಮಿನ ಒಡೆಯರು ಯಾರು?

2000ನೇ ಇಸವಿಯಲ್ಲಿ ಬೆಂಗಳೂರಿನ ಒಂದು ರಾಕ್ ತಂಡ ತನ್ನ ಚೊಚ್ಚಲ ಆಲ್ಬಮ್ಮಿಗೆ ವಿಳಾಸವನ್ನೇ ಹೆಸರಾಗಿ ಇಟ್ಟಿತು. ತಂಡದ ಹೆಸರು ಥರ್ಮಲ್ ಅಂಡ್ ಎ ಕ್ವಾರ್ಟರ್. ಆಲ್ಬಮ್ಮಿನ ಹೆಸರೂ ಅದೇ, ಕೊನೆಗೊಂದು ‘ಡಾಟ್ ಕಾಮ್’ ಅಷ್ಟೆ. ಚಿತ್ರದುರ್ಗದಂಥ ಊರುಗಳಲ್ಲಿ ಇಂಟರ್ನೆಟ್ ಎಂದರೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುವ ಸೈಬರ್ ಕೆಫೆ ಎಂದು ತಿಳಿದಿದ್ದ ಕಾಲವದು. ಹೆಸರನ್ನು ಕೇಳಿ ನಕ್ಕವರೂ ಇದ್ದಿರಬಹುದು. ಆದರೆ ಆ ಹೆಸರಿನಲ್ಲಿ ಒಂದು ಗಟ್ಟಿ ಮಾತಿತ್ತು: ನಮ್ಮ ಹಾಡು ಬೇಕಿದ್ದರೆ ನಮ್ಮನ್ನೇ ಕೇಳಿ, ನಡುವೆ ಕಂಪನಿಯವರು ಬೇಡ.

ಈ ಮಾತು ಎಷ್ಟು ಹೊಸದೆಂದು ತಿಳಿಯಲು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಮುದ್ರಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ರತಿಯಾಗಬೇಕಿತ್ತು. ಹಾಡಿದವರು ಯಾರೆಂದು ಅಲ್ಲಿಯವರಿಗೆ ಗೊತ್ತಾಗಲೆಂದು ಈ ಏರ್ಪಾಡು. ಹಾಡು ಕಲಾವಿದೆಯದು, ಯಂತ್ರ ಕಂಪನಿಯದು, ಕಾರ್ಖಾನೆ ಸಮುದ್ರದಾಚೆಯದು. ನಮ್ಮಲ್ಲಿ ಧ್ವನಿಮುದ್ರಣದ ಚರಿತ್ರೆ ಶುರುವಾದದ್ದೇ ಹೀಗೆ.

ಮುಂದೆ ಕಾರ್ಖಾನೆ ಕಲ್ಕತ್ತೆಗೇ ಬಂತು, ಆದರೆ ಏರ್ಪಾಡು ಬದಲಾಗಲಿಲ್ಲ. ಕನ್ನಡದ ಹಾಡೊಂದು ಹೊಳಲ್ಕೆರೆಯ ಹೋಟೆಲಿನ ರೇಡಿಯೊವರೆಗೆ ಬರಲು ಬಹುಕಾಲ ಸಿನಿಮಾವೇ ಹೆದ್ದಾರಿಯಾಗಿತ್ತು. ದುರ್ಗದ ಓಬವ್ವನ ಕಥೆ ಈ ಸೀಮೆಯವರಿಗೆ ಮೊದಲೇ ಗೊತ್ತಿತ್ತು. ಅದನ್ನು ಇಡೀ ನಾಡಿನ ಕಿವಿಗೆ ಮುಟ್ಟಿಸಿದ್ದು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಬಂದ ‘ನಾಗರಹಾವು’, ಅದಕ್ಕೆ ವಿಜಯಭಾಸ್ಕರ್ ಕೊಟ್ಟ ಸಂಗೀತ. ಸಿನಿಮಾದ ಆಚೆಗೂ ದಾರಿಯಿದೆ ಎಂದು ತೋರಿಸಿದ್ದು ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಇಂದಿಗೂ ಅದನ್ನೇ ನೆನೆಯುತ್ತಾರೆ. ಕ್ಯಾಸೆಟ್ಟು ಅಗ್ಗ, ಪ್ರತಿ ಮಾಡುವುದು ಸುಲಭ, ಜೇಬಿನಲ್ಲಿ ಹಿಡಿಯುತ್ತದೆ. ಹಾಗಾಗಿ ಸಣ್ಣ ಕಂಪನಿಗಳು ಹುಟ್ಟಿದವು, ಹರಿಕಥೆ, ನಾಟಕದ ಹಾಡು, ತತ್ವಪದಗಳೆಲ್ಲ ಮಾರುಕಟ್ಟೆಗೆ ಬಂದವು.

ಇಲ್ಲಿ ಕಾನೂನಿನ ಒಂದು ವಿಷಯವನ್ನು ಗಮನಿಸಬೇಕು. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಣಕ್ಕೆ ‘ಕರ್ತೃ’ ಎಂದು ಕರೆಯುವುದು ಹಾಡಿದವರನ್ನಲ್ಲ, ನುಡಿಸಿದವರನ್ನೂ ಅಲ್ಲ, ನಿರ್ಮಾಪಕನನ್ನು. ಅಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನನ್ನು. ಸಾಹಿತ್ಯಕ್ಕೂ ಸ್ವರಸಂಯೋಜನೆಗೂ ಬೇರೆ ಹಕ್ಕುಗಳಿವೆ, 2012ರ ತಿದ್ದುಪಡಿ ಅವನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೂ ನಮ್ಮ ಕಿವಿಗೆ ಬೀಳುವ ಆ ಮುದ್ರಣದ ಒಡೆತನ ಪ್ರಕಟವಾದ ಮೇಲೆ 60 ವರ್ಷ ನಿರ್ಮಾಪಕನ ಕಡೆಗೇ. ಕಲಾವಿದ ತಾನೇ ದುಡ್ಡು ಹೊಂದಿಸಿ, ತಾನೇ ಮುದ್ರಿಸಿ, ತಾನೇ ಹೊರತಂದರೆ ಮಾತ್ರ ಹಾಡುವವನೂ ಒಡೆಯನೂ ಒಬ್ಬನೇ ಆಗುತ್ತಾನೆ. ‘ಇಂಡಿಪೆಂಡೆಂಟ್’ ಎನ್ನುವುದು ಈಗ ಒಂದು ಶೈಲಿಯ ಹೆಸರಿನಂತೆ ಕೇಳುತ್ತದೆ. ಅದು ಮೊದಲಿಗೆ ಒಡೆತನದ ಪ್ರಶ್ನೆ.

ರಾಕ್ ಸಂಗೀತಗಾರರಿಗೆ ಈ ಪ್ರಶ್ನೆ ತಡವಾಗಿ ಎದುರಾಯಿತು. ಭಾರತದ ತಂಡಗಳು ಬಹುಕಾಲ ಇಂಗ್ಲೆಂಡ್, ಅಮೆರಿಕದ ಹಾಡುಗಳನ್ನು ಹಾಗೆ ಹಾಗೇ ನುಡಿಸುತ್ತಿದ್ದವು. ಜನ ಕೇಳಲು ಬರುತ್ತಿದ್ದುದೂ ಅದನ್ನೇ. ಮುಂಬಯಿಯ ರಾಕ್ ಮಷೀನ್ 1988ರಲ್ಲಿ ಸ್ವಂತ ಹಾಡುಗಳ ಆಲ್ಬಮ್ ತಂದದ್ದು ದೊಡ್ಡ ಸುದ್ದಿಯಾಯಿತು, ಆದರೆ ಅದರ ಹಿಂದೆ ದೊಡ್ಡ ಕಂಪನಿಯೇ ಇತ್ತು. ಬೆಂಗಳೂರಿನಲ್ಲಿ 1996ರ ಆಗಸ್ಟ್ 15ರಂದು ‘ಫ್ರೀಡಂ ಜ್ಯಾಮ್’ ಎಂಬ ಉಚಿತ ಬಯಲು ಕಛೇರಿ ಶುರುವಾಯಿತು, ಸ್ವಂತ ಹಾಡು ಕಟ್ಟುವವರಿಗೆ ವೇದಿಕೆ ಸಿಕ್ಕಿತು. ಥರ್ಮಲ್ ಅಂಡ್ ಎ ಕ್ವಾರ್ಟರ್ ಹುಟ್ಟಿದ್ದೂ ಅದೇ ವರ್ಷ, ಕಾಲೇಜು ಹುಡುಗರ ನಡುವೆ. ಮೂವರು ಪೂರ್ತಿ ಮಲಯಾಳಿಗಳು, ಒಬ್ಬ ಕಾಲು ಮಲಯಾಳಿ. ಅದನ್ನೇ ತಿರುಚಿ ಹೆಸರು ಮಾಡಿಕೊಂಡರು. ನಾಲ್ಕು ವರ್ಷಕ್ಕೆ ಮೊದಲ ಆಲ್ಬಮ್. 2002ರಲ್ಲಿ ‘ಜುಪಿಟರ್ ಕೆಫೆ’. 2005ರ ‘ಪ್ಲಾನ್ ಬಿ’ಯನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿಯೇ ಹಂಚಿದರು. ಒಡೆಯನಾದವನಿಗೆ ಮಾತ್ರ ಹೀಗೆ ಹಂಚುವ ಸ್ವಾತಂತ್ರ್ಯ ಇರುತ್ತದೆ.

ಮೊದಲ ಆಲ್ಬಮ್ಮಿನ ಹೊತ್ತಿಗೆ ನಾಲ್ವರಿದ್ದ ತಂಡ ಮುಂದೆ ಮೂವರದಾಯಿತು. ಗಿಟಾರು ಮತ್ತು ಗಾಯನ ಬ್ರೂಸ್ ಲೀ ಮಣಿ, ಡ್ರಮ್ಸ್ ರಾಜೀವ್ ರಾಜಗೋಪಾಲ್, ಬೇಸ್ ಗಿಟಾರು ಪ್ರಕಾಶ್ ಕೆ.ಎನ್. ಈ ಮೂವರ ಮೊದಲ ಪೂರ್ಣ ಆಲ್ಬಮ್ 2012ರಲ್ಲಿ ಬಂತು: ‘3 ವೀಲ್ಸ್ 9 ಲೈವ್ಸ್’. ಮೂರು ಜನಕ್ಕೆ ಮೂರು ಡಿಸ್ಕು, 28 ಹಾಡು. ಚೊಚ್ಚಲ ಕೃತಿ ತಂದು 12 ವರ್ಷವಾದ ತಂಡ ಮತ್ತೆ ಚೊಚ್ಚಲಿನ ಹುರುಪಿನಲ್ಲಿ ಕೂತು ಮಾಡಿದ ಕೆಲಸವದು.

ಮೂವರ ರಾಕ್ ತಂಡಕ್ಕೆ ಅದರದೇ ಒಂದು ಚರಿತ್ರೆಯಿದೆ. 1966ರಲ್ಲಿ ಲಂಡನ್ನಿನಲ್ಲಿ ಕ್ರೀಮ್ ಮತ್ತು ಜಿಮಿ ಹೆಂಡ್ರಿಕ್ಸನ ತಂಡ ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿದವು. ಗಿಟಾರು, ಬೇಸ್, ಡ್ರಮ್ಸ್ ಇಷ್ಟೇ ಸಾಕೆಂದು ತೋರಿಸಿಕೊಟ್ಟವು. ಐವರ ತಂಡದಲ್ಲಿ ಒಬ್ಬ ಏಕಾಂಗಿಯಾಗಿ ಗಿಟಾರು ನುಡಿಸಹೊರಟರೆ ಇನ್ನೊಂದು ಗಿಟಾರು ಅಥವಾ ಕೀಬೋರ್ಡ್ ಹಿಂದಿನಿಂದ ಸ್ವರಗಳ ಹಾಸು ಹಾಸಿರುತ್ತದೆ. ಮೂವರಲ್ಲಿ ಆ ಹಾಸು ಇಲ್ಲ. ಗಿಟಾರು ಹಾಸನ್ನು ಬಿಟ್ಟು ಮೇಲೆ ಹೋದ ಗಳಿಗೆ ಬೇಸ್ ಒಂದೇ ಸ್ವರದಲ್ಲಿ ಹಾಡಿನ ನೆಲವನ್ನೂ ನಡೆಯನ್ನೂ ಎರಡನ್ನೂ ಹೇಳಬೇಕು, ಡ್ರಮ್ಸ್ ಖಾಲಿ ಜಾಗವನ್ನು ಕಾಯಬೇಕು. ಒಬ್ಬ ತಪ್ಪಿದರೆ ಮುಚ್ಚಲು ಯಾರೂ ಇಲ್ಲ. ಏಕತಾರಿ, ದಮ್ಮಡಿ, ತಾಳ ಇಷ್ಟನ್ನೇ ಹಿಡಿದು ಇರುಳೆಲ್ಲ ತತ್ವಪದ ಹಾಡುವವರನ್ನು ಕೇಳಿದವರಿಗೆ ಈ ಲೆಕ್ಕ ಹೊಸದಲ್ಲ. ವಾದ್ಯ ಕಡಿಮೆಯಾದಷ್ಟೂ ಒಬ್ಬೊಬ್ಬರ ಹೊರೆ ಹೆಚ್ಚು. ಮೂವರ ತಂಡಕ್ಕೆ ಇನ್ನೊಂದು ಅನುಕೂಲವೂ ಇದೆ: ಪ್ರಯಾಣದ ಖರ್ಚು ಕಡಿಮೆ, ಬಂದ ಸಂಭಾವನೆಯಲ್ಲಿ ಪಾಲು ಮೂರೇ. ಕಂಪನಿಯ ಬೆಂಬಲವಿಲ್ಲದ ತಂಡಕ್ಕೆ ಇದು ಸಣ್ಣ ಸಂಗತಿಯಲ್ಲ.

ಆದರೂ ಈ ತಂಡ ಹಾಡಿದ್ದು ಇಂಗ್ಲಿಷಿನಲ್ಲಿ. ಹೊಸದುರ್ಗದ ಓದುಗರು ಕೇಳಬಹುದು, ಇದರಲ್ಲಿ ನಮ್ಮದೇನು ಎಂದು. ಉತ್ತರದ ಒಂದು ಪಾಲು ಮೈಸೂರಿನಿಂದ ಬಂತು. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂದಾಗ ಅದರಲ್ಲಿ ಹಿಂದಿ, ಇಂಗ್ಲಿಷಿನ ಜೊತೆಗೆ ಶಿಶುನಾಳ ಶರೀಫರ ಪದಗಳೂ ಇದ್ದವು. ಅದನ್ನು ತಂದದ್ದು ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಕಟ್ಟಿದ ಸಣ್ಣ ಸಂಸ್ಥೆ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಕೇಳಿದ್ದ ಶರೀಫರನ್ನು ಗಿಟಾರು, ಡ್ರಮ್ಸಿನ ಮೇಲೆ ಕೇಳಿದಾಗ ಪದ ಕೆಡಲಿಲ್ಲ. ಊರೂರು ಅಲೆಯುವ ಪದಕ್ಕೆ ಯಾವ ವಾದ್ಯವಾದರೂ ನಡೆಯುತ್ತದೆ ಎಂದು ಗೊತ್ತಾಯಿತು. ಮರುವರ್ಷ ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂತು. ರಾಕ್ ತಂಡದ ಬಾಯಲ್ಲಿ ಕನ್ನಡ ಅಪರೂಪವಲ್ಲ ಎನ್ನುವಂತಾಯಿತು.

ಇಷ್ಟಾದರೂ ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ, ಮುಂಬಯಿಯ ಕಡೆ ಹೆದ್ದಾರಿ ಹಿಡಿಯುವ ತಂಡಗಳಿಗೆ ಹಿರಿಯೂರು, ಚಿತ್ರದುರ್ಗ ಊಟ-ತಿಂಡಿಯ ನಿಲ್ದಾಣಗಳು ಮಾತ್ರ. ಇಲ್ಲಿ ಕೇಳುವವರಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ‘ಶಿವಸಂಚಾರ’ 1997ರಿಂದ ವರ್ಷವರ್ಷವೂ ನಾಟಕ ಹೊತ್ತು ನಾಡು ಸುತ್ತುತ್ತಿದೆ. ಸಿನಿಮಾದ ಹಂಗಿಲ್ಲದ ಕಲೆಗೂ ಸಣ್ಣ ಊರಿನಲ್ಲಿ ಜನ ಸೇರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಾಟಕಕ್ಕೆ ಆ ದಾರಿಯನ್ನು ಯಾರೋ ಕೂತು ಕಟ್ಟಿದರು. ಗಿಟಾರಿಗೆ ಇನ್ನೂ ಯಾರೂ ಕಟ್ಟಿಲ್ಲ.

ಇದಕ್ಕಿಂತ ದೊಡ್ಡ ಆತಂಕ ಬೇರೆ ಇದೆ. ಒಡೆತನ ಕೈಗೆ ಬಂದ ಮೇಲೆ ಕಾಪಾಡುವ ಹೊಣೆಯೂ ಬರುತ್ತದೆ. ದೇಶದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಪ್ರತಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಪುಸ್ತಕ, ಪತ್ರಿಕೆಗಳ ಮಾತಾಡುತ್ತದೆ, ಹಾಡಿನ ತಟ್ಟೆಯ ಮಾತಾಡುವುದಿಲ್ಲ. ಸಿನಿಮಾ ಹಾಡಿಗೆ ಕಂಪನಿಯ ಉಗ್ರಾಣವಿದೆ. ಮೂವರು ಹುಡುಗರು ಕೈಗಾಸಿನಿಂದ ತಂದ ಸಿ.ಡಿ.ಗೆ ಕೊಂಡವರ ಅಟ್ಟವೇ ಗತಿ. ಡಿಸ್ಕು ಗೀಚಿಹೋಗುತ್ತದೆ, ಜಾಲತಾಣದ ಬಾಡಿಗೆ ಕಟ್ಟದಿದ್ದರೆ ವಿಳಾಸವೇ ಮಾಯವಾಗುತ್ತದೆ, ಹೊಸ ಕಂಪ್ಯೂಟರಿನಲ್ಲಿ ಡಿಸ್ಕು ಹಾಕುವ ಬಾಯಿಯೇ ಇರುವುದಿಲ್ಲ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿ 1,600 ವರ್ಷಕ್ಕೂ ಮೀರಿ ಉಳಿದಿದೆ. 2000ನೇ ಇಸವಿಯ ಹಾಡನ್ನು ಕೇಳಿಸಿಕೊಳ್ಳುವುದು ಈಗಲೇ ಕಷ್ಟ.

ಉಳಿಸುವ ಬಗೆ ಹೇಗೆಂದು ಈ ಜಿಲ್ಲೆಗೆ ಗೊತ್ತಿದೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನಾಲಗೆಯ ಮೇಲೆ ಸಾವಿರಾರು ಸಾಲು ಹಾಡಿತ್ತು. ಕೃಷ್ಣಮೂರ್ತಿ ಹನೂರರು ಅವರ ಮುಂದೆ ಕೂತು ಕೇಳಿದ್ದರಿಂದ, ಬರೆದುಕೊಂಡಿದ್ದರಿಂದ ಆ ಹಾಡುಗಳು ಪುಸ್ತಕವಾಗಿ ನಮ್ಮ ಕೈಗೆ ಬಂದವು. ಜುಂಜಪ್ಪನ ಪದಗಳೂ, ಕಾಡುಗೊಲ್ಲರ ಗಣೆಯ ನಾದವೂ ಅಷ್ಟೋ ಇಷ್ಟೋ ದಾಖಲಾಗಿರುವುದು ಇಂಥವರ ದುಡಿಮೆಯಿಂದ. ಜನಪದಕ್ಕೆ ಸಿಕ್ಕ ಈ ಆರೈಕೆ ವಿದ್ಯುತ್ ಗಿಟಾರಿನ ಹಾಡಿಗೆ ಸಿಕ್ಕಿಲ್ಲ. ಅದು ನಿನ್ನೆ ಮೊನ್ನೆಯದು, ಪೇಟೆಯದು, ಎಲ್ಲಿಗೆ ಹೋಗುತ್ತದೆ ಎಂದು ಸುಮ್ಮನಿದ್ದೇವೆ. ನಿನ್ನೆ ಮೊನ್ನೆಯದೇ ಮೊದಲು ಕಳೆಯುವುದು.

ಚಿತ್ರದುರ್ಗದ ಯಾವುದೋ ಕಾಲೇಜಿನಲ್ಲಿ, ಹಿರಿಯೂರಿನ ಯಾವುದೋ ಮಾಳಿಗೆಯ ಮೇಲೆ ಮೂವರು ಈಗ ಗಿಟಾರು ಶ್ರುತಿ ಮಾಡುತ್ತಿರಬಹುದು. ಅವರ ಮೊದಲ ಹಾಡಿಗೆ ಹ್ಯಾನೋವರೂ ಬೇಡ, ಕಲ್ಕತ್ತೆಯೂ ಬೇಡ. ಒಂದು ಮೊಬೈಲು, ಒಂದು ಮೈಕು ಸಾಕು, ಸಂಜೆಯೊಳಗೆ ಲೋಕಕ್ಕೆ ಬಿಡಬಹುದು. ಆದರೆ ಗೌಹರ್ ಜಾನ್ ಮಾಡಿದ ಕೆಲಸವನ್ನು ಅವರೂ ಮಾಡಬೇಕು. ಹಾಡಿದ್ದು ಯಾರು, ನುಡಿಸಿದ್ದು ಯಾರು, ಯಾವ ಊರು, ಯಾವ ದಿನ ಎಂದು ಬರೆದಿಡಬೇಕು. ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಬೇಕು. ಗ್ರಂಥಪಾಲಕರು ಅದಕ್ಕೊಂದು ಸಂಖ್ಯೆ ಹಾಕಿ ಕಪಾಟಿನಲ್ಲಿ ಇಡಬೇಕು. ಅಷ್ಟಾದರೆ ಮುಂದೆ ಈ ಸೀಮೆಯ ಚರಿತ್ರೆ ಬರೆಯುವವರಿಗೆ ಕೋಟೆ, ಶಾಸನ, ಸಿನಿಮಾಗಳ ಜೊತೆಗೆ ಇಲ್ಲಿಯ ಮೂವರ ದನಿಯೂ ಸಿಗುತ್ತದೆ.