ನೀರು, ಮೂಳೆ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ ಎಂಬುದು ನಿಮಗೆಲ್ಲ ತಿಳಿದದ್ದೇ. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುವ ಈ ತಾಲ್ಲೂಕುಗಳನ್ನು ಬೆಸೆದಿರುವ ಮತ್ತೊಂದು ಸಂಗತಿಯಿದೆ. ಅದು ಅಂತರ್ಜಲದಲ್ಲಿರುವ ಫ್ಲೋರೈಡ್. ನಾಲ್ಕರಲ್ಲಿ ಪಾವಗಡದ ಹೆಸರೇ ಈ ವಿಷಯದಲ್ಲಿ ಹೆಚ್ಚು ಕೇಳಿಬಂದಿದೆ. "ವಯಸ್ಸಾಯಿತು, ವಾಯು ಹಿಡಿದಿದೆ" ಎಂದು ನಮ್ಮ ಹಿರಿಯರು ಸಹಿಸಿಕೊಂಡು ಬಂದ ಮಂಡಿನೋವು, ಸೊಂಟನೋವುಗಳಲ್ಲಿ ಒಂದು ಪಾಲು ಸಾಮಾನ್ಯ ಸಂಧಿವಾತವಾಗಿರಲಿಲ್ಲ. ಕುಡಿಯುವ ನೀರಿನಿಂದ ಬಂದ ಫ್ಲೋರೋಸಿಸ್ ಆಗಿತ್ತು. ಅದರ ಚರಿತ್ರೆಯನ್ನು ಬಲ್ಲಮಟ್ಟಿಗೆ ಇಲ್ಲಿ ಬರೆದಿಡುತ್ತಿದ್ದೇನೆ.

ಭಾರತದಲ್ಲಿ ಈ ವ್ಯಾಧಿಯ ವೈದ್ಯಕೀಯ ಇತಿಹಾಸ ಆರಂಭವಾಗುವುದು ನಮ್ಮಿಂದ ಬಹು ದೂರವಲ್ಲದ ನೆಲ್ಲೂರು ಜಿಲ್ಲೆಯಲ್ಲಿ. ಬೆನ್ನು ಸೆಟೆದು ಬಗ್ಗಲಾರದಂತಾದ ಹಳ್ಳಿಗರನ್ನು ಪರೀಕ್ಷಿಸಿದ ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು, ಇದು ನೀರಿನ ಫ್ಲೋರೈಡ್‌ನಿಂದಾದ ವಿಷಬಾಧೆಯೆಂದು 1937ರಲ್ಲಿ ಪ್ರಕಟಿಸಿದರು. ಮುಂದೆ 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು, ಫ್ಲೋರೈಡ್ ಪೀಡಿತ ಪ್ರದೇಶಗಳ ಎಳೆಯರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ವರ್ಣಿಸಿದರು.

ನಮ್ಮ ನೆಲದ ಬುನಾದಿ ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಅವುಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಷ್ಟೂ ಅದರ ಪ್ರಮಾಣ ಏರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಜಯಮಂಗಲಿ, ಉತ್ತರ ಪಿನಾಕಿನಿಗಳು ವರ್ಷದ ಬಹುಕಾಲ ಮರಳಾಗಿಯೇ ಇರುತ್ತವೆ.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ಗಮನಿಸಬೇಕು. ಹಿಂದಿನವರು ಕೆರೆ ಮತ್ತು ತೆರೆದ ಬಾವಿಗಳ ನೀರನ್ನು ಕುಡಿಯುತ್ತಿದ್ದರು. ಆ ನೀರಿನಲ್ಲಿ ಕಾಲರಾ ಇತ್ತು. ರಾಜ್ಯದ ಕೆಲವು ಕಡೆ ಮೆಟ್ಟಿಲು ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಅದಕ್ಕೆ ಪರಿಹಾರವೆಂದೇ ಕೊಳವೆ ಬಾವಿಗಳು ಬಂದವು. 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪು ಊರೂರಿನಲ್ಲಿ ನಿಂತಿತು. ಅದರ ಫಲ ಅಲ್ಪವಲ್ಲ: 2000ದ ಫೆಬ್ರವರಿಯಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಆದರೆ ಕಣ್ಣಿಗೆ ತಿಳಿಯಾಗಿ ಕಂಡ ಆ ಆಳದ ನೀರು ಫ್ಲೋರೈಡನ್ನೂ ಹೊತ್ತು ತಂದಿತು. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಈ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದಾಗ ಹೆಚ್ಚುವರಿ ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಳ್ಳುತ್ತದೆ. ಕೀಲುಗಳ ಕಟ್ಟುನಾರುಗಳು ಸುಣ್ಣಗಟ್ಟುತ್ತವೆ. ಬೆನ್ನುಹುರಿಯ ನರಗಳು ಒತ್ತಿಹೋದಾಗ ಕೈಕಾಲುಗಳ ಬಲವೂ ಕುಂದುತ್ತದೆ.

ತರಗತಿಯಲ್ಲಿ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಹಲ್ಲಿನ ಮೇಲಿನ ಕಂದು ಗೆರೆಗಳನ್ನು ಅವರು ಸರಿಯಾಗಿ ಉಜ್ಜದ ದೋಷವೆಂದೇ ಜನ ಭಾವಿಸುತ್ತಿದ್ದರು. ಆ ಗೆರೆಗಳು ಹಲ್ಲು ರೂಪುಗೊಳ್ಳುವ ಎಳವೆಯಲ್ಲೇ ಮೂಡಿದವು. ಯಾವ ಪುಡಿಯಿಂದಲೂ ಹೋಗುವಂಥವಲ್ಲ. ಆ ಮಕ್ಕಳು ಇಂದು ನಡುವಯಸ್ಸಿನವರು.

ಕೀಲುನೋವೆಲ್ಲ ಒಂದೇ ಅಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಮತ್ತೊಂದು ನಿದರ್ಶನವಿದೆ. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ದಲಿತ ಕುಟುಂಬಗಳ ಜನರು ಸೊಂಟದ ಕೀಲು ಸವೆದು ನಡೆಯಲಾರದಂತಾದುದು ಬೆಳಕಿಗೆ ಬಂದಿತು. ಸಂಶೋಧಕರು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಅದು ವಂಶವಾಹಿಯಿಂದ ಬರುವುದೆಂದು ಬಳಿಕ ಸ್ಪಷ್ಟವಾಯಿತು. ಅಲ್ಲಿ ನೋವು ರಕ್ತಸಂಬಂಧದ ಜಾಡು ಹಿಡಿದು ಬಂದರೆ, ಇಲ್ಲಿ ಅದು ಊರಿನ ನೀರಿನ ಜಾಡು ಹಿಡಿದು ಬಂದಿತು. ಆದುದರಿಂದಲೇ ನಮ್ಮಲ್ಲಿ ಇದನ್ನು ತಡೆಯಲು ಸಾಧ್ಯ.

ತಡೆಯುವ ಯತ್ನಗಳೂ ನಡೆದಿವೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ 'ನಲಗೊಂಡ ವಿಧಾನ'ವನ್ನು ರೂಪಿಸಿತು. 1986ರಲ್ಲಿ ಕೇಂದ್ರ ಸರ್ಕಾರದ ಕುಡಿಯುವ ನೀರಿನ ಮಿಷನ್ ಬಂದಿತು. ಅನಂತರ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ನಿಂತವು; ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುವುದು ದಿನಚರಿಯಾಯಿತು. ಘಟಕ ಕೆಟ್ಟು ನಿಂತರೆ ಜನ ಮತ್ತೆ ಬೋರ್‌ವೆಲ್ ನೀರಿಗೇ ಮರಳಬೇಕಾಗುತ್ತದೆ. ಪಾವಗಡ ಮತ್ತು ನೆರೆಯ ತಾಲ್ಲೂಕುಗಳಿಗೆ ತುಂಗಭದ್ರಾ ಹಿನ್ನೀರನ್ನು ತರುವ ಬಹುಗ್ರಾಮ ಯೋಜನೆ ರೂಪುಗೊಂಡುದು ಈ ಕಾರಣದಿಂದಲೇ. ನದಿಯ ನೀರಿನಲ್ಲಿ ಫ್ಲೋರೈಡ್ ಕಡಿಮೆ.

ಆದರೆ ಹೊಸ ನೀರು ಮುಂದಿನ ಪೀಳಿಗೆಯನ್ನು ಕಾಪಾಡುತ್ತದೆಯೇ ಹೊರತು, ಈಗಾಗಲೇ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲಾರದು. ಆ ವಯಸ್ಕರ ಗತಿಯೇನು? 2008-09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ನೀರು ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆ, ಸಿಬ್ಬಂದಿಗೆ ತರಬೇತಿ, ಶಸ್ತ್ರಚಿಕಿತ್ಸೆ, ಪುನರ್ವಸತಿ ಇವು ಅದರ ಅಂಗಗಳು.

ಕ್ಷೇತ್ರಕಾರ್ಯಕರ್ತರು ಬಳಸುವ ಮೂರು ಸರಳ ಪರೀಕ್ಷೆಗಳನ್ನು ನೀವು ಮನೆಯಲ್ಲೇ ಮಾಡಿನೋಡಬಹುದು. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು. ಗದ್ದವನ್ನು ಎದೆಗೆ ತಾಗಿಸುವುದು. ತೋಳುಗಳನ್ನು ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಇವು ಕಷ್ಟವಾದರೆ ಫ್ಲೋರೋಸಿಸ್ ಎಂದೇ ನಿರ್ಧರಿಸಬೇಡಿ. ಬೇರೆ ಸಂಧಿವಾತಗಳಲ್ಲಿಯೂ ಹೀಗಾಗುತ್ತದೆ. ವೈದ್ಯರಲ್ಲಿ ನೋವನ್ನು ಹೇಳುವಾಗ, ಎಷ್ಟು ವರ್ಷ ಯಾವ ನೀರು ಕುಡಿದಿರಿ ಎಂಬುದನ್ನೂ ಹೇಳಿ.

ಇನ್ನೆರಡು ಮಾತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದು ಸಾಂದ್ರವಾಗುತ್ತದೆ. ಔಷಧಿ ಅಂಗಡಿಯಿಂದ ತಾವಾಗಿಯೇ ನೋವಿನ ಮಾತ್ರೆ ತಂದು ದಿನವೂ ನುಂಗುವುದು ಅಪಾಯಕರ. ಅಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ದೇಹದಿಂದ ಫ್ಲೋರೈಡನ್ನು ಹೊರಹಾಕುವುದು ಮುಖ್ಯವಾಗಿ ಆ ಮೂತ್ರಪಿಂಡವೇ. ಸುಣ್ಣಾಂಶಕ್ಕೆ ನಮ್ಮ ರಾಗಿ, ಹಾಲು, ನುಗ್ಗೆಸೊಪ್ಪು, ಸಿ ಜೀವಸತ್ವಕ್ಕೆ ನೆಲ್ಲಿಕಾಯಿ, ಇವು ಕೈಗೆಟುಕುವ ಆಹಾರಗಳು. ರೋಗವನ್ನು ಅಳಿಸಲಾರವಾದರೂ ಶುದ್ಧ ನೀರಿನೊಡನೆ ಸೇರಿ ನೆರವಾಗುತ್ತವೆ.

ನಿಮ್ಮಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ ನೆಲೆಸಿದ್ದೀರಿ. ಊರಿನಲ್ಲಿ ಉಳಿದಿರುವವರು ನಿಮ್ಮ ತಂದೆತಾಯಿಗಳು, ಅಣ್ಣಂದಿರು, ಅತ್ತಿಗೆಯರು. ಹಬ್ಬಕ್ಕೆ ಬಂದಾಗ ಅವರು ಕುಡಿಯುವ ನೀರು ಎಲ್ಲಿಯದೆಂದು ವಿಚಾರಿಸಿ, ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿಸಿರಿ. ಅಷ್ಟು ಮಾಡಿದರೆ ಈ ಮೇಷ್ಟ್ರು ಕಲಿಸಿದ ವಿಜ್ಞಾನಕ್ಕೆ ಅದೇ ಗುರುದಕ್ಷಿಣೆ.