ದೇವರ ದೀರ್ಘಶಾಂತಿಯೂ ಮನುಷ್ಯನ ಪಶ್ಚಾತ್ತಾಪವೂ: ಹಾರೋಬೆಲೆಯ ಪಾಡುಗಳ ನಾಟಕವನ್ನು ಮುಂದಿಟ್ಟುಕೊಂಡು ಒಂದು ವಿಚಾರ

ದೇವರ ದಯೆಯೂ ಸಹನೆಯೂ ದೀರ್ಘಶಾಂತಿಯೂ ಮನುಷ್ಯನನ್ನು ಪಶ್ಚಾತ್ತಾಪಕ್ಕೆ ಒಯ್ಯತಕ್ಕವೆಂಬ ಅರ್ಥವನ್ನು ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಲ್ಲಿ ಪ್ರಶ್ನೆಯ ರೂಪದಲ್ಲಿ ಮುಂದಿಡುತ್ತಾನೆ. ಬೋಧಕರು ಇದನ್ನು ದಾರಿ ತಪ್ಪಿದವನಿಗೆ ಹೇಳಿದ ಸಾಂತ್ವನವೆಂಬಂತೆ ಉಪಯೋಗಿಸುವುದು ವಾಡಿಕೆ. ಆದರೆ ಮೊದಲನೆಯ ಅಧ್ಯಾಯದಲ್ಲಿ ಅನ್ಯಜನರ ಪಾಪಗಳ ಪಟ್ಟಿಯನ್ನು ಕೇಳಿ ಹೌದೌದೆಂದು ತಲೆದೂಗಿದ ಧರ್ಮವಂತನೊಬ್ಬನನ್ನು ಕಲ್ಪಿಸಿಕೊಂಡು, ಥಟ್ಟನೆ ಅವನ ಕಡೆಗೇ ತಿರುಗಿ ಪೌಲನು ಈ ಮಾತನ್ನಾಡುತ್ತಾನೆಂಬುದನ್ನು ಗಮನಿಸಿದರೆ, ಇದು ಪರರಿಗೆ ತೀರ್ಪು ಕೊಡುವವನ ಮೇಲಿನ ಆರೋಪವೇ ಹೊರತು ಸಾಂತ್ವನವಲ್ಲವೆಂಬುದು ಸ್ಪಷ್ಟವಾಗುತ್ತದೆ. ತನಗೆ ಶಿಕ್ಷೆಯಾಗದಿರುವುದನ್ನು ತನ್ನ ಯೋಗ್ಯತೆಗೆ ಸಂದ ಪ್ರಮಾಣಪತ್ರವೆಂದು ಭಾವಿಸುವವನೇ ಇಲ್ಲಿಯ ಪ್ರತಿವಾದಿ.

ಈ ಅರ್ಥವನ್ನು ವ್ಯಾಖ್ಯಾನಗ್ರಂಥಗಳಿಗಿಂತ ಹೆಚ್ಚು ಸಮರ್ಥವಾಗಿ ಕಾಣಿಸುವ ಸಂಪ್ರದಾಯವೊಂದು ನಮ್ಮ ನಾಡಿನಲ್ಲಿಯೇ ಇದೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳನ್ನು ಹಿಂದಿಕ್ಕಿ ಕನಕಪುರದ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಹಾರೋಬೆಲೆಯು ಬಹುಕಾಲದಿಂದ ಕಥೋಲಿಕರು ನೆಲೆಸಿರುವ ಊರು. ತಪಸ್ಸುಕಾಲದ ಕೊನೆಗೆ ಶುಭ ಶುಕ್ರವಾರದ ಹೊತ್ತಿನಲ್ಲಿ ಇಲ್ಲಿ ಆಡುವ ಯೇಸುಸ್ವಾಮಿಯ ಪಾಡುಗಳ ನಾಟಕಕ್ಕೂ ಇಲ್ಲಿಯ ಕಪಾಲಬೆಟ್ಟಕ್ಕೂ ಸುತ್ತಣ ಕ್ರೈಸ್ತರಲ್ಲಿ ಹೆಸರಿದೆ. ಪಾತ್ರಧಾರಿಗಳು ಊರವರೇ. ಕ್ರಿಸ್ತನನ್ನು ಹೊಡೆಯುವವನೂ ಹಿಡಿದುಕೊಡುವವನೂ ಅರಿಯೆನೆನ್ನುವವನೂ ಪರಿಚಿತ ನೆರೆಯವನೇ ಆಗಿರುವಾಗ, ಪಾಪವನ್ನು ಯೆಹೂದ್ಯರ ಮೇಲೋ ರೋಮನರ ಮೇಲೋ ಹೊರಿಸಿ ಕೈತೊಳೆದುಕೊಳ್ಳುವ ಅವಕಾಶ ಪ್ರೇಕ್ಷಕನಿಗೆ ಉಳಿಯುವುದಿಲ್ಲ; ಪಿಲಾತನು ಕೈತೊಳೆದದ್ದೂ ಅದೇ ಕಥೆಯ ಭಾಗವಷ್ಟೆ!

ಪಾಡುಗಳ ಕಥೆಯಲ್ಲಿ ಯೂದನೂ ಪೇತ್ರನೂ ಒಂದೇ ರಾತ್ರಿಯಲ್ಲಿ ಗುರುವಿಗೆ ಎರಡೆಣಿಸಿದವರು. ಅಂತಿಮ ಭೋಜನದ ಪಂಕ್ತಿಯಿಂದ ಇಬ್ಬರಲ್ಲಿ ಯಾರನ್ನೂ ಎಬ್ಬಿಸಲಿಲ್ಲ. ಮತ್ತಾಯನ ಪ್ರಕಾರ ಯೂದನಿಗೂ ಮನಸ್ಸು ಕರಗಿ ಅವನು ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಿರುಗಿಸಿದನು. ಲೂಕನ ಪ್ರಕಾರ ಕೋಳಿ ಕೂಗಿದಾಗ ಯೇಸು ತಿರುಗಿ ನೋಡಿದ ಆ ನೋಟದಿಂದ ಪೇತ್ರನು ಹೊರಗೆ ಹೋಗಿ ಅತ್ತನು. ವ್ಯಥೆ ಇಬ್ಬರದೂ ನಿಜವೇ. ಆದರೆ ಯೂದನು ತನ್ನ ಪಾಪವನ್ನು ಯಾಜಕರ ಮುಂದೆ, ಎಂದರೆ ತೀರ್ಪು ಕೊಡುವವರ ಮುಂದೆ, ಇಟ್ಟನು. ಪೇತ್ರನನ್ನು ಕಲಕಿದ್ದು ಗದರಿಕೆಯಿಲ್ಲದ ದೃಷ್ಟಿ. ದಯೆಯು ಪಶ್ಚಾತ್ತಾಪಕ್ಕೆ ಸಲ್ಲುವ ಸಂಬಳವಲ್ಲ, ಅದಕ್ಕೆ ಮೊದಲೇ ಬಂದು ಕಾದಿರುವ ಕಾರಣವೆಂಬ ಪೌಲನ ವಾದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ಹಾಗಾದರೆ ಸಹನೆಯು ಉಪೇಕ್ಷೆಯಾಗದೆ? ಈ ಆಕ್ಷೇಪಕ್ಕೆ ಲೂಕನ ಹದಿಮೂರನೆಯ ಅಧ್ಯಾಯದ ಅಂಜೂರದ ಸಾಮತಿಯು ಉತ್ತರ ಕೊಡುತ್ತದೆ. ಮೂರು ವರ್ಷ ಫಲಕ್ಕಾಗಿ ಬಂದು ಬರಿಗೈಯಲ್ಲಿ ಹಿಂದಿರುಗಿದ ಒಡೆಯನು ಮರವನ್ನು ಕಡಿಯಹೇಳಿದಾಗ, ತೋಟಗಾರನು ಇನ್ನೊಂದು ವರ್ಷವನ್ನು ಬೇಡುವುದು ಸುಮ್ಮನಿರುವುದಕ್ಕಲ್ಲ, ಬುಡವನ್ನು ಅಗೆದು ಗೊಬ್ಬರ ಹಾಕುವುದಕ್ಕೆ. ರಾಮನಗರ, ಕನಕಪುರಗಳ ಹಿಪ್ಪುನೇರಳೆ ಬೆಳೆಗಾರನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವನ ಗಿಡವೂ ಅಂಜೂರದ ಕುಲದ್ದೇ, ಕತ್ತರಿಸಿದ ಮೇಲೆ ಅವನ ಕೆಲಸ ಹೆಚ್ಚುವುದೇ ಹೊರತು ಕಡಮೆಯಾಗದು. ಅವಧಿಗೆ ಮಿತಿಯಿರುವುದೂ ನಿಜ. ಪೌಲನು ಮರುವಚನದಲ್ಲಿಯೇ ಕ್ರೋಧದ ಮಾತನ್ನೆತ್ತುತ್ತಾನೆ. ಆದರೆ ಮಿತಿಯನ್ನು ಗೊತ್ತುಮಾಡುವ ಅಧಿಕಾರ ನೆರೆಯ ಮರಕ್ಕಿಲ್ಲ.

ಮೈಸೂರು ಸೀಮೆಯ ಮಿಷನ್ ಚರಿತ್ರೆಯಲ್ಲಿ ಈ ಅಧಿಕಾರದ ಪ್ರಶ್ನೆ ಒಬ್ಬನೇ ವ್ಯಕ್ತಿಯಲ್ಲಿ ಎರಡು ಬಗೆಯಾಗಿ ಕಾಣಿಸಿಕೊಂಡಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಟೀಪುವಿನ ಕಾಲದಲ್ಲಿ ತಮ್ಮ ಮತವನ್ನು ಬಿಡಬೇಕಾಗಿ ಬಂದಿದ್ದ ಕ್ರೈಸ್ತರನ್ನು ಮರಳಿ ಸಭೆಗೆ ಸೇರಿಸಿಕೊಳ್ಳುವ ಕಾರ್ಯವನ್ನು ಫ್ರೆಂಚ್ ಪಾದ್ರಿ ಅಬೆ ದುಬ್ವಾ ಕೈಗೊಂಡನು; ಬಿದ್ದವರನ್ನು ಜರೆಯದೆ ಬಾಗಿಲು ತೆರೆದಿಟ್ಟ ಆ ಪಾದ್ರಿಯೇ, ಈ ದೇಶದಲ್ಲಿ ಮೂರು ದಶಕಗಳನ್ನು ಕಳೆದು 1823ರಲ್ಲಿ ಸ್ವದೇಶಕ್ಕೆ ತೆರಳಿದಾಗ, ಅದೇ ವರ್ಷ ಅಚ್ಚಾದ ತನ್ನ ಪತ್ರಗಳಲ್ಲಿ ಹಿಂದೂಗಳು ಕ್ರೈಸ್ತರಾಗುವ ಆಸೆಯನ್ನೇ ಕೈಬಿಟ್ಟಿದ್ದನು. ಅವನ ಹತಾಶೆಗೆ ಸಾಮಾಜಿಕ ಕಾರಣಗಳು ಸಾಕಷ್ಟಿದ್ದುವು. ಅನ್ಯರ ಅಂತಃಕರಣದ ಮೇಲೆ ಬರೆದ ಷರಾ ಎಂಬ ನೆಲೆಯಲ್ಲಿ ಮಾತ್ರ ಅದು ಪೌಲನ ಪ್ರತಿವಾದಿಯ ಪಕ್ಷಕ್ಕೆ ಸೇರುತ್ತದೆ. ಲೂಕನಾದರೋ ಆ ನಾಲ್ಕನೆಯ ವರ್ಷದಲ್ಲಿ ಅಂಜೂರವು ಫಲಿಸಿತೋ ಇಲ್ಲವೋ ಎಂಬುದನ್ನು ಬರೆಯದೆಯೇ ಸಾಮತಿಯನ್ನು ಮುಗಿಸಿದ್ದಾನೆ.