ಖಾಲಿ ತೋಟೆಗೆ ಮತ್ತೆ ಮದ್ದು: ಅಮೆರಿಕದ ಒಂದು ಹವ್ಯಾಸದ ಚರಿತ್ರೆ

ರೈಫಲ್ ತೋಟೆಯಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೂತ ಕೇಪು, ಹೊಟ್ಟೆಯಲ್ಲಿ ತುಂಬಿದ ಮದ್ದು, ಬಾಯಿಗೆ ಕಚ್ಚಿಸಿದ ಗುಂಡು. ಒಂದು ಈಡು ಹಾರಿದ ಮೇಲೆ ಉಳಿಯುವುದು ಕೋಶ ಮಾತ್ರ. ನಾಲ್ಕರಲ್ಲಿ ಹೆಚ್ಚು ಬೆಲೆ ಬಾಳುವುದೂ ಅದೇ. ಮದ್ದು ಉರಿದಾಗ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೇ ಒಂದಿಷ್ಟು ಕುಗ್ಗಿ ಸಡಿಲವಾಗುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಗುಣವಿರುವುದರಿಂದಲೇ ಖಾಲಿ ಕೋಶವನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಬಳಸಬಹುದು. ಈ ಕೆಲಸ ಅಮೆರಿಕದಲ್ಲಿ ಮೊದಲು ಬೇಟೆಗಾರರ ಅಗತ್ಯವಾಗಿತ್ತು, ಆಮೇಲೆ ಉಳಿತಾಯದ ದಾರಿಯಾಯಿತು, ಕೊನೆಗೆ ಮನೆಯ ಶೆಡ್ಡಿನಲ್ಲಿ ನಡೆಯುವ ಹವ್ಯಾಸವಾಗಿ ಬೆಳೆಯಿತು.

ಲೋಹದ ತೋಟೆ ಬರುವ ಮುಂಚೆ ಪ್ರತಿ ಈಡನ್ನೂ ಕೈಯಲ್ಲೇ ತುಂಬಬೇಕಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡನ್ನು ಗಜದಿಂದ ಜಡಿದು, ಹಿಂದೆ ಕೇಪು ಇಡುವ ಕ್ರಮ ಅದು. ಕೊಡಗು, ಮಲೆನಾಡಿನ ಹಳೆಯ ಕೇಪಿನ ಕೋವಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಗಡಿನಾಡುಗಳಲ್ಲಿ ಒಂದೊಂದು ರೈಫಲಿನ ಜೊತೆಗೂ ಅದರದೇ ಗುಂಡಿನ ಎರಕದ ಅಚ್ಚು ಇರುತ್ತಿತ್ತು, ಏಕೆಂದರೆ ಒಬ್ಬ ಕಮ್ಮಾರನ ನಳಿಗೆಯ ಅಳತೆ ಇನ್ನೊಬ್ಬನದಕ್ಕೆ ಹೊಂದುತ್ತಿರಲಿಲ್ಲ. ಸೀಸ ಕರಗಿಸುವ ಕೈಚಳಕ ಆ ಜನರಿಗೆ ಮೊದಲೇ ರೂಢಿಯಾಗಿತ್ತು.

1866ರ ಸುಮಾರಿಗೆ ಎರಡು ಬಗೆಯ ಕೇಪುಗಳು ಹುಟ್ಟಿದವು. ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ್ದರಲ್ಲಿ ಕೇಪು ಬಡಿದು ಕಿಡಿಯೇಳಲು ಬೇಕಾದ ಪುಟ್ಟ ಅಡಿಗಲ್ಲು ಕೋಶದ ಭಾಗವೇ ಆಗಿದೆ. ಕಿಡಿ ಹಾಯಲು ಅದರ ಪಕ್ಕಗಳಲ್ಲಿ ಎರಡು ಸಣ್ಣ ರಂಧ್ರಗಳಿವೆ. ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಎಂಬ ಸೇನಾಧಿಕಾರಿ ಆ ಅಡಿಗಲ್ಲನ್ನು ಕೇಪಿನೊಳಗೇ ಸೇರಿಸಿ, ಕೋಶದ ನಡುಮಧ್ಯೆ ಒಂದೇ ರಂಧ್ರ ಬಿಟ್ಟ. ಯೂರೋಪಿನ ಸೇನೆಗಳು ಬಹುಮಟ್ಟಿಗೆ ಅಮೆರಿಕನ್ನನ ಕೇಪನ್ನು ಹಿಡಿದವು, ಅಮೆರಿಕ ಬ್ರಿಟಿಷನ ಕೇಪನ್ನು ಹಿಡಿಯಿತು. ಈ ಅದಲುಬದಲೇ ಮುಂದಿನ ಚರಿತ್ರೆಯನ್ನು ನಿರ್ಧರಿಸಿತು. ನಡುವೆ ಒಂದೇ ರಂಧ್ರವಿದ್ದರೆ ಒಂದು ಮೊಳೆಯಂಥ ಕಡ್ಡಿಯನ್ನು ಒಳಗಿನಿಂದ ತಳ್ಳಿದರೆ ಸಾಕು, ಹಳೆಯ ಕೇಪು ಉದುರಿಬೀಳುತ್ತದೆ. ಬರ್ಡನ್ ಕೋಶದಲ್ಲಿ ಅದು ಅಷ್ಟು ಸುಲಭವಲ್ಲ. ಮರುಭರ್ತಿ ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಲು ಇದೊಂದು ದೊಡ್ಡ ಕಾರಣ.

1870ರ ದಶಕದಲ್ಲಿ ಬಯಲುಸೀಮೆಯ ಕಾಡೆಮ್ಮೆ ಬೇಟೆಗಾರರು ಈ ಕೆಲಸವನ್ನು ದಿನಚರಿಯಾಗಿಸಿಕೊಂಡರು. ತೊಗಲಿನ ವ್ಯಾಪಾರಕ್ಕಾಗಿ ನಡೆದ ಆ ಬೇಟೆ ಒಂದು ದಶಕದೊಳಗೆ ಹಿಂಡುಗಳನ್ನೇ ಅಳಿಸಿಹಾಕಿತು. ಆ ಹಿಂಡುಗಳನ್ನೇ ನಂಬಿದ್ದ ಮೂಲನಿವಾಸಿಗಳ ಬದುಕೂ ಜೊತೆಗೆ ಕುಸಿಯಿತು. ಆ ಕೆಡುಕಿನ ಹಿಂದೆ ರೈಲು, ಚರ್ಮದ ಮಾರುಕಟ್ಟೆಗಳ ಜೊತೆಗೆ ಶಾರ್ಪ್ಸ್ ರೈಫಲೂ, ಬಿಡಾರದಲ್ಲಿ ರಾತ್ರಿ ಕೂತು ತುಂಬಿದ ತೋಟೆಗಳೂ ಇದ್ದವು. ಅಂಗಡಿ ದೂರ, ಹೊಸ ತೋಟೆ ದುಬಾರಿ. ಹಾಗಾಗಿ ಬೇಟೆಗಾರರ ಗಾಡಿಯಲ್ಲಿ ಸೀಸದ ಗಟ್ಟಿಗಳು, ಮದ್ದಿನ ಪೀಪಾಯಿ, ಕೇಪಿನ ಡಬ್ಬಿಗಳು ತುಂಬಿರುತ್ತಿದ್ದವು. ಹಗಲು ಹೆಕ್ಕಿದ ಖಾಲಿ ಕೋಶಗಳು ಮರುದಿನದ ಹೊತ್ತಿಗೆ ಸಿದ್ಧವಾಗುತ್ತಿದ್ದವು.

ಸೇನೆಯೂ ಇದೇ ದಾರಿ ತುಳಿಯಿತು. 1873ರಲ್ಲಿ ಅದು ಆರಿಸಿಕೊಂಡ .45-70 ತೋಟೆಯ ಹೆಸರಿನಲ್ಲೇ ಭರ್ತಿಯ ಲೆಕ್ಕವಿತ್ತು: ಗುಂಡಿನ ವ್ಯಾಸ ಇಂಚಿನ ನೂರರಲ್ಲಿ ನಲವತ್ತೈದು ಭಾಗ, ಕಪ್ಪು ಮದ್ದು 70 ಗ್ರೇನ್. 7,000 ಗ್ರೇನ್ ಕೂಡಿದರೆ ಒಂದು ಪೌಂಡ್. ಆರಂಭದ ತೋಟೆಗಳ ತಾಮ್ರದ ಕೋಶದಲ್ಲಿ ಕೇಪು ಒಳಗೇ ಹುದುಗಿದ್ದರಿಂದ ಅವನ್ನು ಮತ್ತೆ ತುಂಬಲು ಬರುತ್ತಿರಲಿಲ್ಲ. 1880ರ ದಶಕದಲ್ಲಿ ಹೊರಗಿನಿಂದ ಕೇಪು ಕೂರಿಸುವ ಕೋಶ ಬಂದ ಮೇಲೆ, ಗುರಿ ಅಭ್ಯಾಸದ ಖರ್ಚು ಇಳಿಸಲು ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಶಸ್ತ್ರಾಗಾರದಿಂದ ಪಡೆಗಳಿಗೆ ಮರುಭರ್ತಿಯ ಉಪಕರಣಗಳು ಹೋಗತೊಡಗಿದವು.

ನಾಗರಿಕರ ಕೈಗೆ ಒಳ್ಳೆಯ ಉಪಕರಣ ಕೊಟ್ಟವನು ಜಾನ್ ಬಾರ್ಲೋ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ 1884ರಲ್ಲಿ ಅವನು ಶುರುಮಾಡಿದ ಐಡಿಯಲ್ ಕಂಪನಿಯ ಉಪಕರಣ ನೋಡಲು ಅಡಕತ್ತರಿಯ ಹಾಗೆ: ಎರಡು ಹಿಡಿಕೆ, ತುದಿಯಲ್ಲಿ ಕೀಲು. ಒಂದು ಬಾಯಿ ಹಳೆಯ ಕೇಪನ್ನು ಹೊರದೂಡುತ್ತದೆ, ಇನ್ನೊಂದು ಹೊಸದನ್ನು ಒತ್ತುತ್ತದೆ, ಮತ್ತೊಂದು ಕುಳಿ ಕೋಶದ ಕತ್ತನ್ನು ಬಿಗಿದು ಗುಂಡನ್ನು ಕೂರಿಸುತ್ತದೆ. ಕೆಲವು ಮಾದರಿಗಳ ಹಿಡಿಕೆಯ ತುದಿಯಲ್ಲಿ ಎರಕದ ಅಚ್ಚೂ ಇರುತ್ತಿತ್ತು. ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಕಂಪನಿ ಕೈಪಿಡಿಗಳನ್ನೂ ಅಚ್ಚು ಹಾಕಿತು. ಐಡಿಯಲ್ ಕೈಬದಲಾಗುತ್ತ 1925ರಲ್ಲಿ ಲೈಮನ್ ಕಂಪನಿಗೆ ಸೇರಿತು. ಆ ಉಪಕರಣದ ವಂಶಜರು ದಶಕಗಳ ಕಾಲ ಮಾರಾಟದಲ್ಲಿದ್ದರು.

ಉಳಿತಾಯದ ಆಚೆಗೆ ನಿಖರತೆಯ ಹಂಬಲವನ್ನು ತಂದವರು ಜರ್ಮನ್ ವಲಸಿಗರ ಶೂಟ್ಸನ್ ಕ್ಲಬ್ಬುಗಳ ಗುರಿಕಾರರು. ಅವರಲ್ಲಿ ಹಲವರು ದಿನವಿಡೀ ಒಂದೇ ಒಂದು ಕೋಶವನ್ನು ಬಳಸುತ್ತಿದ್ದರು. ಹಾರಿಸಿ, ಹೊರತೆಗೆದು, ಅಲ್ಲೇ ಮೇಜಿನ ಮೇಲೆ ಕೇಪು ಬದಲಿಸಿ, ಮದ್ದು ಅಳೆದು ತುಂಬಿ, ಅದೇ ಕೋಶವನ್ನು ಅದೇ ದಿಕ್ಕಿನಲ್ಲಿ ನಳಿಗೆಗೆ ಸೇರಿಸುವುದು. ಒಂದೇ ಕೋಶವಾದರೆ ಕೋಶಕೋಶದ ನಡುವಿನ ವ್ಯತ್ಯಾಸವೇ ಇಲ್ಲ. ಕಾರ್ಖಾನೆಯ ತೋಟೆ ಎಲ್ಲ ರೈಫಲುಗಳಿಗೂ ಹೊಂದಬೇಕು. ಕೈಯಲ್ಲಿ ತುಂಬಿದ್ದು ಒಂದೇ ರೈಫಲಿಗೆ ಹೊಂದಿದರೆ ಸಾಕು. ಈ ಹವ್ಯಾಸಿಗಳನ್ನು ಇಂದಿಗೂ ಹಿಡಿದಿಟ್ಟಿರುವ ವಿಚಾರ ಇದೇ.

ಮುಂದಿನ ಘಟ್ಟ ಅಪಾಯದ್ದು. ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ಹೊಗೆರಹಿತ ಮದ್ದನ್ನು ಕಂಡುಹಿಡಿದ. 1890ರ ದಶಕದಲ್ಲಿ ಅದು ಅಮೆರಿಕದ ಬೇಟೆಗಾರರ ಕೈಗೂ ಬಂತು. ಕಪ್ಪು ಮದ್ದು ತಪ್ಪನ್ನು ಬಹಳ ಮಟ್ಟಿಗೆ ಸಹಿಸುತ್ತಿತ್ತು. ಕೋಶದ ತುಂಬ ಸುರಿದರೂ ಹಳೆಯ ರೈಫಲ್ ತಡೆದುಕೊಳ್ಳುತ್ತಿತ್ತು, ಅಳತೆಗೆ ಒಂದು ಚಮಚೆ ಸಾಕಿತ್ತು. ಹೊಸ ಮದ್ದು ಹಾಗಲ್ಲ. .45-70ಕ್ಕೆ ಇಂದು ನಿಗದಿಯಾಗಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 28,000 ಪೌಂಡ್ ಆದರೆ, 1906ರಲ್ಲಿ ಬಂದ .30-06 ತೋಟೆಯದು 60,000. ಹಳೆಯ ಚಮಚೆಯಿಂದಲೇ ಹೊಸ ಮದ್ದನ್ನು ಅಳೆದು ತುಂಬಿದರೆ ರೈಫಲ್ ಒಡೆಯುತ್ತಿತ್ತು. ಬೆರಳು, ಕಣ್ಣು ಹೋಗುವ ಭಯ ಅಲ್ಲಿತ್ತು.

ಕಣ್ಣಿಗೆ ಕಾಣದ ತೊಂದರೆಯೊಂದೂ ಇತ್ತು. ಆ ಕಾಲದ ಹಲವು ಕೇಪುಗಳಲ್ಲಿ ಪಾದರಸದ ಸಂಯುಕ್ತವಿರುತ್ತಿತ್ತು. ಕಪ್ಪು ಮದ್ದಿನ ಮಸಿ ದಟ್ಟವಾಗಿದ್ದರಿಂದ ಆ ಪಾದರಸ ಅದರಲ್ಲೇ ಬೆರೆತುಹೋಗುತ್ತಿತ್ತು. ಹೊಗೆರಹಿತ ಮದ್ದಿನಲ್ಲಿ ಮಸಿ ಕಡಿಮೆ. ಪಾದರಸ ನೇರವಾಗಿ ಹಿತ್ತಾಳೆಗೆ ತಾಗಿ ಅದನ್ನು ಪೆಡಸುಗೊಳಿಸುತ್ತಿತ್ತು. ನೋಡಲು ಗಟ್ಟಿಯಾಗಿಯೇ ಇರುವ ಕೋಶ ಮರುಭರ್ತಿಯಾದಾಗ ಬಿರುಕು ಬಿಡುತ್ತಿತ್ತು. ಪಾದರಸವಿಲ್ಲದ, ತುಕ್ಕು ಹಿಡಿಸದ ಕೇಪುಗಳು 1920ರ ದಶಕದ ಕೊನೆಯಿಂದ ಹರಡಿದ ಮೇಲೆ ಈ ಸಮಸ್ಯೆ ನೀಗಿತು.

ಈ ಹವ್ಯಾಸವನ್ನು ಉಳಿಸಿದ್ದು ತಕ್ಕಡಿ ಮತ್ತು ಪುಸ್ತಕ ಎನ್ನಬೇಕು. ಗ್ರೇನಿನ ಹತ್ತನೆಯ ಒಂದು ಭಾಗವನ್ನೂ ತೋರಿಸುವ ಸಣ್ಣ ತಕ್ಕಡಿ ಚಮಚೆಯ ಅಂದಾಜಿನ ಜಾಗಕ್ಕೆ ಬಂತು. ಯಾವ ತೋಟೆಗೆ, ಯಾವ ಗುಂಡಿಗೆ, ಯಾವ ಮದ್ದು ಎಷ್ಟರವರೆಗೆ ಎಂದು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಮಾಡಿದ ಕೋಷ್ಟಕಗಳು ಅಚ್ಚಾದವು. 1937ರಲ್ಲಿ ಫಿಲಿಪ್ ಶಾರ್ಪ್ ಹೊರತಂದ ಬೃಹತ್ ಮಾರ್ಗದರ್ಶಿ ಒಂದು ತಲೆಮಾರಿನ ಆಕರಗ್ರಂಥವಾಯಿತು. ಗೆಳೆಯ ಹೇಳಿದ ಲೆಕ್ಕವನ್ನು ನಂಬಬಾರದು, ಪುಸ್ತಕದ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಬೇಕು ಎಂಬ ಶಿಸ್ತು ಹೀಗೆ ಬೇರೂರಿತು.

ಎರಡನೆಯ ಮಹಾಯುದ್ಧದಲ್ಲಿ ತಾಮ್ರ, ಹಿತ್ತಾಳೆ, ಮದ್ದು ಎಲ್ಲವೂ ರಣರಂಗಕ್ಕೆ ಹೋದವು. ನಾಗರಿಕರಿಗೆ ತೋಟೆಯೂ ಇಲ್ಲ, ಗುಂಡೂ ಇಲ್ಲ. ಹಲವು ಪ್ರಸಿದ್ಧ ಕಂಪನಿಗಳು ಆ ಅಭಾವದಲ್ಲೂ ಅದರ ಬೆನ್ನಿಗೂ ಹುಟ್ಟಿದವು. ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ, ಹಾರಿಸಿದ .22 ತೋಟೆಗಳ ಖಾಲಿ ಕೋಶವನ್ನು ಗುಂಡಿನ ಹೊರಕವಚವಾಗಿಸುವ ಅಚ್ಚು ಮಾಡಿದ. ಆ ಸಣ್ಣ ಕೋಶದ ಸಿಡಿಮದ್ದು ಅಂಚಿನೊಳಗೇ ಇರುವುದರಿಂದ ಅದನ್ನು ತೋಟೆಯಾಗಿ ಮತ್ತೆ ತುಂಬುವುದು ಕಷ್ಟ. ಎಸೆಯುವ ವಸ್ತುವಿಗೆ ಇಲ್ಲಿ ಹೊಸ ಉಪಯೋಗ ಸಿಕ್ಕಿತು. ಆ ಅಚ್ಚಿನಿಂದ ಬೆಳೆದದ್ದೇ ಆರ್‌ಸಿಬಿಎಸ್ ಕಂಪನಿ. ಐಡಹೋದ ಲೂಯಿಸ್ಟನ್‌ನಲ್ಲಿ ವರ್ನನ್ ಸ್ಪಿಯರ್, 1949ರಲ್ಲಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಜಾಯ್ಸ್ ಹಾರ್ನಡಿ ಗುಂಡುಗಳ ತಯಾರಿಕೆಗೆ ಇಳಿದರು. ಯುದ್ಧ ಮುಗಿದ ಮೇಲೆ ಕನ್ಸಾಸ್‌ನ ಬ್ರೂಸ್ ಹಾಜ್ಡನ್ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು, ಸರ್ಕಾರದ ಬಳಿ ಮಿಕ್ಕಿದ್ದ 4895 ಎಂಬ ಮದ್ದನ್ನು ಸಗಟಾಗಿ ಕೊಂಡು ಹವ್ಯಾಸಿಗಳಿಗೆ ಅಗ್ಗಕ್ಕೆ ಮಾರಿದ. ಸೇನೆಯಿಂದ ಮರಳಿದ ಯುವಕರಿಗೆ ರೈಫಲ್ ಪರಿಚಿತ, ಅವರ ಮನೆಗಳಲ್ಲಿ ಕೆಲಸದ ಮೇಜಿಗೆ ಜಾಗವಿತ್ತು, ಮದ್ದಿನ ಬೆಲೆ ಕೈಗೆಟಕುವಂತಿತ್ತು. ಹವ್ಯಾಸ ಹಬ್ಬಿದ್ದು ಆಗ. ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಬಡಿಗೆಯಿಂದ ಬಡಿದು ಬಳಸುವ ಪುಟ್ಟ ಸಲಕರಣೆಯಿಂದ ಬಡ ಬೇಟೆಗಾರನಿಗೂ ಬಾಗಿಲು ತೆರೆದ. 1966ರಿಂದ ಈ ಒಂದೇ ವಿಷಯಕ್ಕೆ ಮೀಸಲಾದ ‘ಹ್ಯಾಂಡ್‌ಲೋಡರ್’ ಪತ್ರಿಕೆಯೂ ಬರತೊಡಗಿತು.

1968ರ ಬಂದೂಕು ನಿಯಂತ್ರಣ ಕಾಯ್ದೆ ಕೋಶ, ಕೇಪು, ಗುಂಡು, ಮದ್ದು ಎಲ್ಲವನ್ನೂ ‘ಮದ್ದುಗುಂಡು’ ಎಂಬ ವ್ಯಾಖ್ಯೆಯೊಳಗೆ ತಂದಿತು. ತೋಟೆ ತುಂಬಿ ಮಾರುವವರಿಗೆ ಪರವಾನಗಿ ಬೇಕಾಯಿತು. ಸ್ವಂತಕ್ಕೆ ತುಂಬಿಕೊಳ್ಳುವವರಿಗೆ ಒಕ್ಕೂಟದ ಕಾನೂನಿನಲ್ಲಿ ಬೇಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಿಗೆ ತೊಡಕಾದದ್ದು ಹೆಚ್ಚಾಗಿ ಕೇಪಿನ ಅಭಾವ. 2020ರ ನಂತರ ಅಮೆರಿಕದ ಅಂಗಡಿಗಳಲ್ಲಿ ಅದು ತಿಂಗಳುಗಟ್ಟಲೆ ಸಿಗಲಿಲ್ಲ. ಕೋಶವನ್ನು ಮತ್ತೆ ಬಳಸಬಹುದು, ಗುಂಡನ್ನು ಎರಕ ಹೊಯ್ಯಬಹುದು. ಕೇಪನ್ನೂ ಮದ್ದನ್ನೂ ಮಾತ್ರ ಕಾರ್ಖಾನೆಯಿಂದಲೇ ತರಬೇಕು.

ಭಾರತದಲ್ಲಿ ಈ ಹವ್ಯಾಸಕ್ಕೆ ಇಂಥ ಅವಕಾಶವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.